ಅವರ ಎತ್ತರಕ್ಕೆ ಕಟ್ಟಿದ ಅಂಗಡಿ

ಅವರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಹದಿನೈದು ದಿನ ತಡವಾಗಿ. ಕಿಬ್ಬನಹಳ್ಳಿ ಕ್ರಾಸಿನಲ್ಲಿ ತಿಪಟೂರಿನ ಬಸ್ಸಿಗೆ ಕಾಯುತ್ತಿದ್ದೆ. ಹಳೆಯ ಪರಿಚಯದ ಕೊಬ್ಬರಿ ದಲ್ಲಾಳಿಯೊಬ್ಬರು ಪಕ್ಕಕ್ಕೆ ಬಂದು ನಿಂತರು. "ನಿಮ್ಮ ನೆಲಮಾಳಿಗೆ ಅಕ್ಕ ಹೋಗ್ಬುಟ್ರಂತೆ ಕಣ್ರೀ, ತುರುವೇಕೆರೇಲಿ, ಮಗಳ ಮನೇಲಿ. ಪಾಪ, ಗಂಡ ಹೋದ್ಮೇಲೂ ಗಂಡನ ಅಂಗ್ಡೀನ ಹೆಂಗೋ ನಡೆಸ್ಕೊಂಡು ಬಂದಿದ್ರು" ಎಂದರು.

ಸಾವಿನ ಸುದ್ದಿ ನಿಜ. ಉಳಿದ ಮಾತಿನಲ್ಲಿ ಎರಡು ತಪ್ಪುಗಳಿದ್ದವು. ಪಾಪ ಎನ್ನಿಸಿಕೊಳ್ಳುವ ಹೆಂಗಸಲ್ಲ ಅವರು. ಮತ್ತು ಅದು ಗಂಡನ ಅಂಗಡಿಯಲ್ಲ. ಬಸ್ಸು ಬಂದುಬಿಟ್ಟಿತು, ದಲ್ಲಾಳಿಯವರನ್ನು ತಿದ್ದಲು ಆಗಲಿಲ್ಲ. ಇಲ್ಲಿ ತಿದ್ದುತ್ತಿದ್ದೇನೆ.

ಹೆಸರು ಬರೆಯುವುದಿಲ್ಲ. ನಾನು ಜಿಲ್ಲಾ ಪತ್ರಿಕೆಯೊಂದಕ್ಕೆ ತಿಪಟೂರಿನಿಂದ ಸುದ್ದಿ ಕಳಿಸುತ್ತಿದ್ದ ಕಾಲದಲ್ಲಿ ಒಮ್ಮೆ, ನಿಮ್ಮ ಬಗ್ಗೆ ನಾಲ್ಕು ಸಾಲು ಬರೆಯುತ್ತೇನೆ ಎಂದು ಅವರನ್ನು ಕೇಳಿದ್ದೆ. ತುಟಿಯ ನಡುವೆ ಕಚ್ಚಿಕೊಂಡಿದ್ದ ಮೊಳೆಗಳನ್ನು ಒಂದೊಂದಾಗಿ ತೆಗೆದು ಅಂಗೈಯಲ್ಲಿಟ್ಟುಕೊಂಡು ಅವರು ಹೇಳಿದ್ದು ಇದು: "ಹೆಸ್ರು ಹಾಕ್ಬ್ಯಾಡ ಕಣಪ್ಪ. ಹೆಸ್ರು ಹಾಕಿದ್ರೆ ಯಾರ ಹೆಂಡ್ರು, ಯಾರ ಸೊಸೆ ಅಂತ ಅದರ ಹಿಂದೇನೇ ಬತ್ತದೆ. ಕೆಲ್ಸ ಹಾಕು." ಕೆಲಸದ ಬಗ್ಗೆ ನಾಲ್ಕು ಸಾಲಿನಲ್ಲಿ ಹೇಳಲು ನನಗೆ ಆಗ ಬರಲಿಲ್ಲ.

ಕೊಬ್ಬರಿ ಪೇಟೆಯ ಹಿಂದಿನ ಓಣಿಯಲ್ಲಿ ಸಾಹುಕಾರರೊಬ್ಬರ ಹಳೆಯ ಮಂಡಿಯಿತ್ತು. ಅದರ ಕೆಳಗೆ ಒಂದು ನೆಲಮಾಳಿಗೆ. ನಮ್ಮ ಸೀಮೆಯಲ್ಲಿ ನೆಲಮಾಳಿಗೆ ಎಂಬುದೇ ಅಪರೂಪ. ಇಲ್ಲಿ ತೆಂಗಿನಕಾಯಿ ಅಟ್ಟಕ್ಕೆ ಏರುತ್ತದೆ, ಹತ್ತು ಹನ್ನೊಂದು ತಿಂಗಳು ಅಲ್ಲೇ ಕೂತು ಒಣಗಿ ಕೊಬ್ಬರಿಯಾಗಿ ಇಳಿಯುತ್ತದೆ. ಕೆಳಗೆ ಇಡುವ ಬುದ್ಧಿ ಯಾರಿಗೂ ಬರುವುದಿಲ್ಲ. ಸಾಹುಕಾರರ ತಂದೆಗೆ ಬಂತು. ಅವರು ವ್ಯಾಪಾರಕ್ಕೆಂದು ಬೊಂಬಾಯಿಗೆ ಹೋಗಿ, ಅಲ್ಲಿ ಯಾವುದೋ ದೊಡ್ಡ ಗೋದಾಮಿನ ನೆಲಮಾಳಿಗೆ ಕಂಡು ಬಂದವರು ಇಲ್ಲಿಯೂ ಅಗೆಸಿದರು. ಒಂದೇ ಮಳೆಗಾಲಕ್ಕೆ ಒಳಗಿದ್ದ ಕೊಬ್ಬರಿಯೆಲ್ಲ ಬೂಷ್ಟು ಹಿಡಿಯಿತು. ಊರಿನವರು ಅದಕ್ಕೆ 'ಸಾಹುಕಾರ್ರ ಹೊಂಡ' ಎಂದು ಹೆಸರಿಟ್ಟರು. ಮುಂದೆ ಅದನ್ನು ಬಾಡಿಗೆಗೆ ಹಿಡಿದವರು ಒಬ್ಬ ಮರಗೆಲಸದ ಆಚಾರ್ರು. ನಾನು ಬರೆಯುತ್ತಿರುವುದು ಅವರ ಹೆಂಡತಿಯ ಬಗ್ಗೆ.

ನಾನು ಮೊದಲ ಸಲ ಆ ಒಂಬತ್ತು ಮೆಟ್ಟಿಲು ಇಳಿದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ, ಕಾಲು ಮುರಿದ ಕುರ್ಚಿಯೊಂದನ್ನು ಹೊತ್ತುಕೊಂಡು. ಆಚಾರ್ರು ಆಗ ಬದುಕಿದ್ದರು. ಆರಡಿಗೆ ಮೇಲಿನ ಆಳು, ಕೆಲಸದಲ್ಲಿ ಗಟ್ಟಿಗರು, ಮಾತಿನಲ್ಲಿ ಮೃದು. ಅಂಗಡಿ ಮಾತ್ರ ಕಾಲಿಡಲು ಬರುವಂತಿರಲಿಲ್ಲ. ಹಲಗೆಗಳು ಗೋಡೆಗೆ ಒರಗಿ ತೇವ ಕುಡಿದು ಬಾಗಿದ್ದವು. ಉಳಿಗಳೆಲ್ಲ ಒಂದು ಗೋಣಿಚೀಲದಲ್ಲಿ. ಮೊಳೆಗಳು ಸೀಮೆಎಣ್ಣೆ ಡಬ್ಬದಲ್ಲಿ, ಎಲ್ಲ ಅಳತೆಯವೂ ಒಟ್ಟಿಗೆ. ಮೂಲೆಯಲ್ಲಿ ಮರದ ಚೂರುಗಳ ಗುಡ್ಡೆ. ಅದು ಹದಿನೆಂಟು ವರ್ಷದ್ದು ಎಂದು ಆಮೇಲೆ ಗೊತ್ತಾಯಿತು. ಆಚಾರ್ರು ಮೂಲೆಮಟ್ಟಕ್ಕಾಗಿ ಹುಡುಕತೊಡಗಿದರು. ನಾನು ನಿಂತೇ ಇದ್ದೆ. ಹಿಂದಿನಿಂದ ಒಂದು ಹೆಣ್ಣು ದನಿ ಕೇಳಿತು: "ನಮ್ಮಲ್ಲಿ ಹುಡುಕೋದೇ ಕೆಲ್ಸ. ಮರಗೆಲ್ಸ ಬಿಡುವಿದ್ದಾಗ."

ಗಿಡ್ಡ ಹೆಂಗಸು. ನಾಲ್ಕೂಮುಕ್ಕಾಲು ಅಡಿಯಿದ್ದರೆ ಹೆಚ್ಚು. ಸೀಸದ ಕಡ್ಡಿಯನ್ನು ತುರುಬಿಗೆ ಸಿಕ್ಕಿಸಿಕೊಂಡಿದ್ದರು. ಉದ್ದನೆಯ ಗರಗಸದ ಒಂದು ತುದಿ ಅವರ ಕೈಯಲ್ಲಿತ್ತು. ಹದಿನಾಲ್ಕು ವರ್ಷದಿಂದ ಆ ಗರಗಸದ ಇನ್ನೊಂದು ತುದಿ ಎಳೆಯುತ್ತಿದ್ದವರು ಅವರೇ. ಎಳೆಯುವುದಷ್ಟೇ ಅಲ್ಲ, ಅಂಗಡಿಯ ತುರಿಮಣೆ, ಈಳಿಗೆಮಣೆ, ತೊಟ್ಟಿಲು ಎಲ್ಲವೂ ಆರಂಭದಿಂದ ಕೊನೆಯವರೆಗೆ ಅವರ ಕೈಯವೇ. ಮೇಲೆ ತಂದು ಗಿರಾಕಿಗೆ ಕೊಡುವಾಗ ಮಾತ್ರ ಆಚಾರ್ರು ಕೊಡುತ್ತಿದ್ದರು. ತೆಂಗಿನ ಸೀಮೆಯಲ್ಲಿ ತುರಿಮಣೆ ಇಲ್ಲದ ಮನೆಯಿಲ್ಲ. ಎಷ್ಟು ಮನೆಯಲ್ಲಿ ಅವರ ಮಣೆಯ ಮೇಲೆ ಕೂತು ಕಾಯಿ ತುರಿದಿದ್ದಾರೆ ಎಂದು ಲೆಕ್ಕ ಹೇಳಲಾರೆ. ಗಂಡಸಿನ ಕೆಲಸವೆಂದು ತಿಳಿದೇ ತುರಿದಿದ್ದಾರೆ ಎಂಬುದನ್ನು ಹೇಳಬಲ್ಲೆ.

ಮರು ಬೇಸಿಗೆಯಲ್ಲಿ ಆಚಾರ್ರು ಜ್ವರ ಬಂದು ತೀರಿಕೊಂಡರು. ಹನ್ನೊಂದನೆಯ ದಿನದ ಊಟವಾದ ಮೇಲೆ ಕುಲದ ಹಿರಿಯರಿಬ್ಬರು ಮಾತು ತೆಗೆದರು. ಆಯುಧಗಳು ಮಾವನ ಕಾಲದವು, ಗಂಡಸರ ಕೈಯಿಂದ ಗಂಡಸರ ಕೈಗೆ ಬಂದವು. ಅವು ಚಿಕ್ಕನಾಯಕನಹಳ್ಳಿಯಲ್ಲಿ ಮರಗೆಲಸ ಮಾಡುತ್ತಿರುವ ಮೈದುನನಿಗೆ ಸೇರಬೇಕು. ನೆಲಮಾಳಿಗೆಯೂ ಅವನಿಗೇ. ಇವರು ಮೈದುನನ ಮನೆಗೆ ಹೋಗಿ ಊಟ ಬಟ್ಟೆಗೆ ಇರಬಹುದು. ಸಾಹುಕಾರರನ್ನು ಕೇಳಿದರೆ ಅವರು ಜಾಣರಂತೆ, "ಆಯುಧ ಯಾರ ಕೈಲೈತೋ ಅಂಗ್ಡಿ ಅವ್ರದ್ದು. ನಂಗ್ಯಾಕೆ ನಿಮ್ಮನೆ ನ್ಯಾಯ?" ಎಂದುಬಿಟ್ಟರು.

ಇವರು ಅಳಲೂ ಇಲ್ಲ, ಜಗಳವನ್ನೂ ಆಡಲಿಲ್ಲ. "ಈ ವರ್ಸದ ಆಯುಧಪೂಜೆ ಅವ್ರ ಹೆಸ್ರಲ್ಲಿ ಇಲ್ಲೇ ಆಗ್ಲಿ. ಆಮೇಲೆ ಮಾತಾಡಾಣ" ಎಂದರು. ಸತ್ತವನ ಹೆಸರು ಬಂದದ್ದರಿಂದ ಹಿರಿಯರಿಗೆ ಇಲ್ಲ ಎನ್ನಲಾಗಲಿಲ್ಲ. ಸರಿಯಾಗಿ ಆರು ತಿಂಗಳು ಸಿಕ್ಕಿತು.

ಆ ಆರು ತಿಂಗಳಲ್ಲಿ ಅವರು ಮಾಡಿದ್ದನ್ನು ನಾನು ಹೆಚ್ಚು ಕಡಿಮೆ ಪ್ರತಿವಾರ ನೋಡಿದ್ದೇನೆ. ನನ್ನ ಬಾಡಿಗೆ ಕೋಣೆ ಅದೇ ಓಣಿಯಲ್ಲಿತ್ತು. ಪೇಟೆಯ ಧಾರಣೆ ಬರೆದು ಬಸ್ಸಿಗೆ ಲಕೋಟೆ ಹಾಕಿದರೆ ಮಧ್ಯಾಹ್ನ ನನಗೆ ಕೆಲಸವಿರುತ್ತಿರಲಿಲ್ಲ. ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಅವರು ಕೂರು ಎನ್ನುತ್ತಿರಲಿಲ್ಲ, ಏಳು ಎಂದೂ ಹೇಳಲಿಲ್ಲ.

ಮೊದಲು ಚೂರಿನ ಗುಡ್ಡೆಗೆ ಕೈ ಹಾಕಿದರು. ಒಂದು ಗೇಣಿಗಿಂತ ಉದ್ದದ್ದು ಉಳಿಯಬೇಕು, ಚಿಕ್ಕದು ಒಲೆಗೆ. ಅಳತೆ ಅವರದೇ ಗೇಣು. ಗಂಡ ಒಂದು ದಿನ ಬೇಕಾಗುತ್ತದೆ ಎಂದು ಹದಿನೆಂಟು ವರ್ಷ ಕೂಡಿಟ್ಟದ್ದು ಓಣಿಯ ನಾಲ್ಕು ಮನೆಯ ಹಂಡೆಗಳಿಗೆ ಹನ್ನೊಂದು ದಿನ ಉರಿಯಾಯಿತು. ಸುದ್ದಿ ಚಿಕ್ಕನಾಯಕನಹಳ್ಳಿಗೆ ತಲುಪುವಷ್ಟರಲ್ಲಿ "ಅಣ್ಣನ ಆಸ್ತಿ ಸುಟ್ಲಂತೆ" ಎಂದಾಗಿತ್ತು. ಮೈದುನ ಬಸ್ಸು ಹತ್ತಿ ಬಂದ. ಇವರು ಒಲೆಯ ಬೂದಿಯನ್ನು ಮೊರದಲ್ಲಿ ತಂದು ಅವನ ಮುಂದೆ ಇಟ್ಟರು.

"ತಗಾ, ಇದ್ರಾಗೆ ನಿನ್ ಭಾಗ ಎಷ್ಟೈತೋ ತಗಂಡೋಗು. ಪಾತ್ರೆ ತಿಕ್ಕಕ್ಕಾಯ್ತದೆ."

ಎರಡನೆಯದಾಗಿ ಅವರು ಒಂದು ತಪ್ಪು ಮಾಡಿದರು. ಅದನ್ನೂ ದಾಖಲಿಸಬೇಕು. ಪಶ್ಚಿಮದ ಗೋಡೆ ಉದ್ದಕ್ಕೆ ಖಾಲಿಯಾಗಿತ್ತು. ಆ ಗೋಡೆಗೆ ಹಲಗೆ ಹೊಡೆದು, ಹಲಗೆಯಲ್ಲಿ ಒಂದೊಂದು ಉಳಿಗೂ ಅದರದೇ ಗಾತ್ರದ ತೂತು ಕೊರೆದು ಸಾಲಾಗಿ ನೆಟ್ಟರು. ಮೂರು ವಾರದ ಕೆಲಸ. ನೋಡಲು ಚೆನ್ನಾಗಿತ್ತು. ಮಳೆ ಹಿಡಿಯಿತು. ಆ ಗೋಡೆಯ ಆಚೆ ಬೀದಿಯ ಚರಂಡಿ. ಎಂಟೇ ದಿನಕ್ಕೆ ಮಾವನ ಕಾಲದ ಉಕ್ಕಿನ ಮೇಲೆ ಕೆಂಪು ತುಕ್ಕು ಕೂತಿತು. ನಾನು ಏನಾದರೂ ಸಮಾಧಾನ ಹೇಳಬೇಕೆಂದು ಬಾಯಿ ತೆರೆದೆ.

"ಸುಮ್ಕಿರು. ನಾನೇ ಮಾಡಿದ್ದು, ನಾನೇ ಕೀಳ್ತೀನಿ" ಎಂದರು. ಅಂದೇ ಕಿತ್ತರು.

ಮಾರನೆಯ ದಿನ ಅವರು ಅಂಗಡಿಯಲ್ಲಿರಲಿಲ್ಲ. ಮೇಲೆ ಮಂಡಿಯ ಅಟ್ಟಕ್ಕೆ ಆಳುಗಳು ಕಾಯಿ ಏರಿಸುತ್ತಿದ್ದರು. ಅಲ್ಲಿ ಏಣಿಯ ಬುಡದಲ್ಲಿ ಇವರು ಸೆರಗು ಸಿಕ್ಕಿಸಿ ನಿಂತು ಮೇಲೆ ನೋಡುತ್ತಿದ್ದರು. ಅಟ್ಟದ ನೆಲ ಗಟ್ಟಿ ಹಲಗೆಯದಲ್ಲ, ಅಡಿಕೆ ಮರ ಸೀಳಿದ ದಬ್ಬೆಯದು. ದಬ್ಬೆ ದಬ್ಬೆಗೂ ನಡುವೆ ಎರಡು ಬೆರಳು ಸಂದು. ಕಾಯಿಯ ರಾಶಿ ಯಾವ ಗೋಡೆಗೂ ತಾಕಿರಲಿಲ್ಲ. ಕಾಯಿ ಏರಿಸುತ್ತಿದ್ದ ಆಳನ್ನು ಕೇಳಿದರು: "ಗೋಡೆಗೆ ಯಾಕ್ಲಾ ಒತ್ತಲ್ಲ?"

"ಒತ್ತಿದ್ರೆ ಕೊಬ್ರಿ ಬೆವರ್ತದೆ ಕಣಕ್ಕ. ನಾಕೂ ಕಡೆ ಗಾಳಿ ಆಡ್ಬೇಕು."

ಇಳಿದು ಬಂದವರೇ ನನಗೆ ಹೇಳಿದರು, ಬೈದಂತೆ ಹೇಳಿದರು: "ನೋಡಪ್ಪ, ತೆಂಗಿನ್ಕಾಯಿಗೆ ಇರೋ ಮರ್ಯಾದೆ ನಮ್ಮ ಮರಕ್ಕಿಲ್ಲ. ಹುಟ್ಟಿದಾಗಿಂದ ಅಟ್ಟದ ಕೆಳ್ಗೇ ಮಲಗಿವ್ನಿ, ಒಂದ್ ದಿನ ತಲೆ ಎತ್ತಿ ನೋಡ್ಲಿಲ್ಲ."

ಆಮೇಲೆ ಅವರು ನೆಲಮಾಳಿಗೆಯೊಳಗೆ ಅಟ್ಟ ಕಟ್ಟಿದರು. ಚಾವಣಿಯ ತೊಲೆಗಳಿಗೆ ಅಡ್ಡಲಾಗಿ ದಬ್ಬೆ ಬಿಗಿದು, ಅದರ ಮೇಲೆ ಹಲಗೆಗಳನ್ನು ಒಂದರ ಪಕ್ಕ ಒಂದು ಸಂದು ಬಿಟ್ಟು ಮಲಗಿಸಿದರು. ಮೆಟ್ಟಿಲ ಮೇಲೆ ನಿಂತರೆ ಹಲಗೆಯ ತುದಿ ಸಮಕ್ಕೆ ಕೈಗೆ ಸಿಗುತ್ತಿತ್ತು; ಎಳೆದುಕೊಂಡರೆ ಸಾಕು. ಬೀದಿಯ ಕಡೆ ಒಂದು ಸಣ್ಣ ಕಿಂಡಿಯಿತ್ತು. ಹಾದುಹೋಗುವವರ ಕಾಲು, ಗಾಡಿಯ ಚಕ್ರ ಮಾತ್ರ ಕಾಣುವ ಕಿಂಡಿ. ಅದರಿಂದ ಬಂದ ಗಾಳಿ ಹಲಗೆಗಳ ಸಂದಿನಲ್ಲಿ ಹಾದು ಮೆಟ್ಟಿಲ ಕಡೆ ಹೊರಟುಹೋಗುವಂತಾಯಿತು. ನೆಲದ ಮೇಲೆ ಒಂದು ಕಡ್ಡಿಯೂ ಉಳಿಯಲಿಲ್ಲ. ಅಟ್ಟದಿಂದ ಅಂಗಡಿಯ ಎತ್ತರ ಇನ್ನೂ ಕಡಿಮೆಯಾಯಿತು. ನಾನು ಬಗ್ಗಿಯೇ ನಡೆಯಬೇಕಾಗಿತ್ತು. ಅವರಿಗೆ ಇನ್ನೂ ಒಂದು ಗೇಣು ಜಾಗ ಮಿಕ್ಕಿತ್ತು.

ಆಯುಧಗಳಿಗೆ ಗೋಡೆ ಬೇಡ ಎಂದು ನಿರ್ಧರಿಸಿದರು. ಗೋಡೆಯಿಂದ ಒಂದು ಮೊಳ ದೂರದಲ್ಲಿ ಮರದ ಚೌಕಟ್ಟು ನಿಲ್ಲಿಸಿ ಅದರಲ್ಲಿ ತೂತು, ಕೊಕ್ಕೆ, ತೊಟ್ಟಿ ಮಾಡಿದರು. ಜಾತಿಯಂತೆ ಜೋಡಿಸಲಿಲ್ಲ, ಕೆಲಸ ನಡೆಯುವ ವರಸೆಯಲ್ಲಿ ಜೋಡಿಸಿದರು. ಮರ ಒಳಗೆ ಬರುವ ಮೆಟ್ಟಿಲ ಬಳಿ ಗರಗಸ, ಆಮೇಲೆ ಮರ ಕೆತ್ತುವ ಬಾಚಿ, ಆಮೇಲೆ ಮರ ನಯ ಮಾಡುವ ಹತ್ತರಿ, ಬೆಳಕು ಬೀಳುವ ಕಿಂಡಿಯ ಕೆಳಗೆ ಸಣ್ಣ ಉಳಿಗಳು. ಮೊಳೆಗಳಿಗೆ ತೆಂಗಿನ ಕರಟ. ಕರಟಗಳನ್ನು ಒಂದು ಪಟ್ಟಿಯ ಕೆಳಗೆ ಸಾಲಾಗಿ ಬಿಗಿದು, ಒಳಗೆ ಯಾವ ಮೊಳೆಯಿದೆಯೋ ಅಂಥದೊಂದನ್ನು ಪಟ್ಟಿಯ ಮುಖಕ್ಕೆ ಹೊಡೆದರು. ಓದು ಬರದವರು, ಅಕ್ಷರ ಬೇಕಾಗಲಿಲ್ಲ. ಇಡೀ ಅಂಗಡಿಯಲ್ಲಿ ಅವರ ಸೊಂಟಕ್ಕಿಂತ ಕೆಳಗೆ, ಹಣೆಗಿಂತ ಮೇಲೆ ಆಯುಧ ಒಂದೂ ಇರಲಿಲ್ಲ.

"ಅಡಿಗೆಮನೆ ಥರ ಮಾಡಿಬಿಟ್ರಿ ಅಕ್ಕ" ಎಂದೆ, ಹೊಗಳುವ ಮನಸ್ಸಿನಿಂದಲೇ.

ಕೈಯಲ್ಲಿದ್ದುದನ್ನು ಕೆಳಗಿಟ್ಟರು. "ಅಡಿಗೆಮನೆ ಅನ್ಬ್ಯಾಡ. ಅಡಿಗೆಮನೆ ಕಟ್ದೋರು ಗಂಡಸ್ರು. ಅದ್ಕೇ ಅಲ್ಲಿ ಒಂದೂ ಕೈಗೆ ಸಿಗಕ್ಕಿಲ್ಲ. ಇದು ನಾನ್ ಕಟ್ಟಿದ್ದು."

ಒಂದು ದಿನ ನನ್ನ ಟಿಪ್ಪಣಿಗೆ ಚೌಕಟ್ಟಿನಲ್ಲಿದ್ದ ಇನ್ನೊಂದು ಸೀಸದ ಕಡ್ಡಿ ತೆಗೆದುಕೊಂಡು, ವಾಪಸು ಇಡುವಾಗ ಪಕ್ಕದ ತೂತಿನಲ್ಲಿಟ್ಟೆ. ಕೋಣೆ ಸೇರಿ ಚಪ್ಪಲಿ ಬಿಟ್ಟಿದ್ದೆನಷ್ಟೆ, ಕಿಟಕಿಯ ಬಳಿ ದನಿ ಕೇಳಿತು. "ಪೇಪರ್ನೋರೇ, ಬಂದು ಸರಿಯಾಗಿ ಇಟ್ಟೋಗಿ." ಕಡ್ಡಿಯನ್ನು ಅವರೇ ಸರಿಸಬಹುದಿತ್ತು. ಸರಿಸಲಿಲ್ಲ. ನಾನು ಹೋಗಿ ಇಟ್ಟು ಬಂದೆ. ಯಾರಿಗೂ ಏನನ್ನೂ ಎರವಲು ಕೊಡುತ್ತಿರಲಿಲ್ಲ. ಓಣಿಯಲ್ಲಿ ಅವರಿಗೆ ಜಿಪುಣಿ, ಗಂಡುಬೀರಿ ಎಂಬ ಹೆಸರುಗಳಿದ್ದವು. ಎರಡೂ ಅವರಿಗೆ ಗೊತ್ತಿತ್ತು.

ಈ ನಡುವೆ ಗಿರಾಕಿಗಳು ಬರುತ್ತಲೇ ಇದ್ದರು. ದಂಡಿನಶಿವರದ ತೋಟದವರೊಬ್ಬರು ಮಗಳ ಮದುವೆಗೆ ಮಂಚ ಮಾಡಿಸಲು ಬಂದರು. ಮೆಟ್ಟಿಲಿಳಿದು ಸುತ್ತ ನೋಡಿ, "ಯಜಮಾನ್ರು ಎಲ್ಲವ್ವ?" ಎಂದರು.

"ಮುಂದೇ ನಿಂತವ್ರೆ, ಹೇಳಿ."

ಅವರು ಇವರ ಹಿಂದೆ ಇಣುಕಿದರು. ಹಿಂದೆ ನಾನಿದ್ದೆ. ನನ್ನ ಕಡೆ ತಿರುಗಿ ಮಂಚದ ಉದ್ದ ಅಗಲ ಹೇಳತೊಡಗಿದರು. ಇವರು ತುರುಬಿನಿಂದ ಕಡ್ಡಿ ತೆಗೆದು ಹಲಗೆಯ ಮೇಲೆ ಗೀಚಿಕೊಂಡರು. ಎಲ್ಲ ಮುಗಿದ ಮೇಲೆ ಕೇಳಿದರು: "ಅವ್ರಿಗೆ ಹೇಳಿದ್ದು ಮುಗೀತಾ? ಈಗ ಮಾಡೋರಿಗೆ ಹೇಳಿ, ಕಾಲು ಹಲಸಿಂದೋ ಬೇವಿಂದೋ?" ತೋಟದವರು ನಕ್ಕುಬಿಟ್ಟರು. ಹಲಸು ಎಂದರು. ಅವರ ಮನೆಗೆ ಆಮೇಲೆ ಇನ್ನೂ ಎರಡು ಮಂಚ ಹೋದವು.

ಕೊನೆಗೆ ಹಿಡಿಗಳು. ಎಲ್ಲ ಆಯುಧಗಳ ಹಿಡಿಯೂ ಗಂಡನ ದೊಡ್ಡ ಅಂಗೈಗೆ ತಕ್ಕಂತಿದ್ದವು. ಹದಿನಾಲ್ಕು ವರ್ಷ ಅವರು ಬಟ್ಟೆ ಸುತ್ತಿಕೊಂಡು ಹಿಡಿದಿದ್ದರು. ಈಗ ಜಾಲಿಯ ಮರ ತರಿಸಿ, ಒಂದೊಂದನ್ನೂ ತಮ್ಮ ಮುಷ್ಟಿಯ ಅಳತೆಗೆ ಕಡೆದರು. ಹತ್ತರಿಯ ಕಟ್ಟಿಗೆಯ ಮೈಯನ್ನೂ ಚಿಕ್ಕದು ಮಾಡಿ ಹೊಸದಾಗಿ ಕೆತ್ತಿದರು. ಹುಣಸೆ ಮರದ ಒಂದು ಕೊಡತಿಯನ್ನೂ ಮಾಡಿಕೊಂಡರು. ಉಳಿಯ ತಲೆಗೆ ಹೊಡೆಯುವ, ಪೂರಾ ಮರದ ಸುತ್ತಿಗೆ ಅದು. ಹಳೆಯ ಹಿಡಿಗಳನ್ನು ಸುಡಲಿಲ್ಲ. ಮಗಳ ಮನೆಗೆ ಹೋದಾಗ ಒಯ್ದು ಅಲ್ಲಿಟ್ಟು ಬಂದರು. ಯಾಕೆಂದು ನಾನು ಕೇಳಲಿಲ್ಲ.

ಆಯುಧಪೂಜೆಗೆ ಇನ್ನೂ ಐದು ದಿನವಿತ್ತು. ಬೆಳಗ್ಗೆ ಹತ್ತರ ಹೊತ್ತಿಗೆ ಓಣಿಯ ಒಬ್ಬಳು ಹೆಂಗಸು ಬಂದು, "ಅಕ್ಕ ಕರೀತಾವ್ರೆ, ಪುಸ್ತಕ ತಗಂಡ್ ಬರ್ಬೇಕಂತೆ" ಎಂದಳು. ಹೋದೆ. ಹಿರಿಯರಿಬ್ಬರೂ ಮೈದುನನೂ ಬಂದಿದ್ದರು. ಪೂಜೆ ಮುಗಿಯಲಿ ಎಂಬ ಒಪ್ಪಂದ ಮುರಿದಿತ್ತು. ಮೈದುನ ಈ ವರ್ಷದ ಪೂಜೆಯನ್ನು ತನ್ನ ಮನೆಯಲ್ಲೇ ಮಾಡಬೇಕೆಂದಿದ್ದ. ಹಿರಿಯರಲ್ಲಿ ಕಿರಿಯವರು, ಕನ್ನಡಕದವರು, ಮಾತಾಡುತ್ತಿದ್ದರು.

"ಹೆಂಗ್ಸು ಉಳಿ ಹಿಡಿದ್ರೆ ಕುಲಕ್ಕೆ ಒಳ್ಳೇದಲ್ಲ ಕಣಮ್ಮ. ನಿನ್ ಒಳ್ಳೇದಕ್ಕೇ ಹೇಳ್ತಿರೋದು."

"ನೀವು ಕೂತಿರೋ ಮಣೆ ನಾನ್ ಮಾಡಿದ್ದು. ಕುಲಕ್ಕೆ ಏನೂ ಆಗಿಲ್ವಲ್ಲ, ಆರಾಮಾಗಿ ಕೂತಿದ್ದೀರಿ."

ಕನ್ನಡಕದವರು ಏಳಲೋ ಬೇಡವೋ ಎಂದು ಒಂದು ಕ್ಷಣ ಅನುಮಾನಿಸಿದರು. ಏಳಲಿಲ್ಲ. ಮೈದುನ ಅಣ್ಣನಂತೆಯೇ ಎತ್ತರದ ಆಳು. ಮಾತು ಸಾಕೆಂದು ಉಳಿಗಳ ಕಡೆ ನುಗ್ಗಿದವನ ಹಣೆ ಅಟ್ಟದ ತೊಲೆಗೆ ಬಡಿಯಿತು. ಅವನು ಹಣೆ ಉಜ್ಜಿಕೊಳ್ಳುತ್ತ, "ಇದೇನತ್ಗೆ ಇದು, ಮನುಸ್ರು ಓಡಾಡೋ ಜಾಗಾನಾ?" ಎಂದ.

"ತಲೆ ತಗ್ಸು. ಇದು ನನ್ ಎತ್ತರದ ಅಂಗ್ಡಿ."

ಆಮೇಲೆ ಅವರು ನನ್ನ ಕಡೆ ತಿರುಗಿದರು. "ಬರ್ಕಳಪ್ಪ. ಮಾವನ ಕಾಲದ್ದು ಏನೇನೈತೋ ಎಲ್ಲಾ ಕೊಟ್ಟೆ ಅಂತ ಬರ್ಕ. ನಾಳೆ ಒಂದು ಕಮ್ಮಿ ಆಯ್ತು ಅನ್ಬಾರ್ದು."

ಕೊಟ್ಟೇಬಿಡುತ್ತಾರೆ ಎಂದು ನಾನು ಅಂದುಕೊಂಡಿರಲಿಲ್ಲ. ಹಿರಿಯರೂ ಅಂದುಕೊಂಡಿರಲಿಲ್ಲವೆಂದು ಅವರ ಮುಖ ಹೇಳುತ್ತಿತ್ತು. ಇವರು ಚೌಕಟ್ಟಿನಿಂದ ಮೊದಲ ಉಳಿ ತೆಗೆದರು. ಹಲಗೆಯ ಅಂಚಿಗೆ ಆನಿಸಿ ಹಿಡಿಗೆ ಕೊಡತಿಯಿಂದ ಎರಡು ಪೆಟ್ಟು ಕೊಟ್ಟರು. ಉಕ್ಕು ಕಳಚಿ ನೆಲಕ್ಕೆ ಬಿತ್ತು. ಅದನ್ನು ಎತ್ತಿ ಮೈದುನನ ಮುಂದಿಟ್ಟರು. ಹಿಡಿಯನ್ನು ಅದರ ತೂತಿಗೇ ವಾಪಸು ನೆಟ್ಟರು.

"ಕಬ್ಣ ನಿಮ್ದು. ಹಿಡಿ ನಂದು."

ಎರಡನೆಯ ಉಳಿ. ಮೂರನೆಯದು. ಹತ್ತರಿಯ ಅಲಗು ಕಳಚಿ ಕೊಟ್ಟರು, ಮೈಯನ್ನು ಗೂಡಿಗಿಟ್ಟರು. ಗರಗಸದ ತಿರುಪು ಬಿಚ್ಚಿದರು. ಬಾಚಿಯ ತಲೆ, ಸುತ್ತಿಗೆಯ ತಲೆ, ಬೈರಿಗೆಯ ಮೊನೆ. ಒಂದಕ್ಕೂ ಅವಸರಪಡಲಿಲ್ಲ. ನಾನು ಬರೆಯುತ್ತ ಹೋದೆ. ನನ್ನ ಪುಸ್ತಕದಲ್ಲಿ ಇಪ್ಪತ್ತಮೂರು ಸಾಲುಗಳಾದವು. ಮುಗಿದಾಗ ಚೌಕಟ್ಟಿನ ತುಂಬ ಹಿಡಿಗಳು ಮಾತ್ರ ನಿಂತಿದ್ದವು. ಇಡಿಯಾಗಿ ಉಳಿದ ಆಯುಧ ಒಂದೇ, ಆ ಕೊಡತಿ. ಅದರಲ್ಲಿ ಕಬ್ಬಿಣವಿರಲಿಲ್ಲ.

ಹಿರಿಯರಲ್ಲಿ ಹೆಚ್ಚು ವಯಸ್ಸಾದವರು ಎದ್ದು ಬಂದು ಒಂದು ಹಿಡಿಯನ್ನು ತೆಗೆದು ಕೈಯಲ್ಲಿ ಹೊರಳಿಸಿದರು. ಅವರ ಮುಷ್ಟಿಯೊಳಗೆ ಅದು ಕಾಣದಂತಾಯಿತು. "ಕಡ್ದೋರ್ಯಾರು?" ಎಂದರು.

"ನಾನೇ."

ಅವರು ತಲೆಯಾಡಿಸಲಿಲ್ಲ, ಹೊಗಳಲಿಲ್ಲ. ಹಿಡಿಯನ್ನು ವಾಪಸು ಇಟ್ಟರು. ಯಾರನ್ನೂ ಕೇಳದೆ, ಸರಿಯಾದ ತೂತಿಗೇ ಇಟ್ಟರು. ಹೊಸದಾಗಿ ಬಂದವರ ಕೈಗೂ ದಾರಿ ಗೊತ್ತಾಗುವಂತೆ ಆ ಅಂಗಡಿ ಇತ್ತು ಎಂಬುದಕ್ಕೆ ನನಗೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ.

ಮೈದುನ ಕಬ್ಬಿಣವನ್ನು ಗೋಣಿಗೆ ತುಂಬಿ ಸಾಹುಕಾರರನ್ನು ಮೇಲಿನ ಮಂಡಿಯಿಂದ ಕರೆಸಿದ. ಅವರು ಬಹಳ ವರ್ಷಗಳಿಂದ ತಮ್ಮದೇ ನೆಲಮಾಳಿಗೆಗೆ ಇಳಿದವರಲ್ಲ. ಒಂದೊಂದೇ ಮೆಟ್ಟಿಲಿಳಿದು ಬಂದು ನಿಂತರು.

"ಸಾಹುಕಾರ್ರೇ, ಆಯುಧ ನನ್ ಕೈಲೈತೆ. ನಿಮ್ಮ ಮಾತಿನಂಗೆ ಅಂಗ್ಡಿ ನಂದು" ಎಂದ ಮೈದುನ.

"ಬಂದು ನೀನೇ ನಡೆಸ್ತೀಯಾ?"

"ಇದನ್ನೆಲ್ಲ ಕಿತ್ತಾಕಿ ನಡೆಸ್ತೀನಿ."

ಸಾಹುಕಾರರು ಅಟ್ಟದ ಹಲಗೆಗೆ ಕೈ ಚಾಚಿದರು. ಅಂಗೈಯಿಂದ ಸವರಿದರು. ಬೆರಳು ಮಡಿಸಿ ತಟ್ಟಿ ಕಿವಿಗೊಟ್ಟರು, ಕೊಬ್ಬರಿಯವರು ಕಾಯಿ ಅಲ್ಲಾಡಿಸಿ ಕಿವಿಗೊಡುತ್ತಾರಲ್ಲ, ಹಾಗೆ. ಗಾಳಿ ಮೂಸಿದರು. "ಒಣಗೈತೆ ಕಣಯ್ಯ" ಎಂದರು, ತಮಗೇ ಹೇಳಿಕೊಂಡಂತೆ. "ಈ ಹೊಂಡ ನಮ್ಮಪ್ಪಂಗೆ ಒಣಗ್ಲಿಲ್ಲ." ಆಮೇಲೆ ಮೈದುನನ ಕಡೆ ತಿರುಗಿದರು. "ಕೀಳೋನಿಗೆ ನಾನು ಬೀಗದ ಕೈ ಕೊಡಕ್ಕಿಲ್ಲ. ಆಯಮ್ಮನೇ ಇರ್ಲಿ."

ಇಲ್ಲಿ ಅವರು ಸಾಹುಕಾರರಿಗೆ ಕೈ ಮುಗಿದರು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಆದರೆ ಅವರು ಮುಗಿಯಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ್ದ ಬೀಗದ ಕೈಯನ್ನು ತಟ್ಟಿ, "ಕೈ ಇಲ್ಲೇ ಐತೆ ಸಾಹುಕಾರ್ರೇ. ನೀವು ಕೊಡೋದೂ ಇಲ್ಲ, ಇಸ್ಕಳೋದೂ ಇಲ್ಲ. ಬಾಡಿಗೆ ಅವ್ರಿದ್ದಾಗ್ಲೂ ನಾನೇ ತಂದ್ಕೊಡ್ತಿದ್ದೆ" ಎಂದರು. ಸಾಹುಕಾರರು ಮೆಟ್ಟಿಲೇರಿದರು.

ಆಯುಧಪೂಜೆಯ ದಿನ ಸಂಜೆ ಬಾಗಿಲು ತೆರೆದಿತ್ತು. ಓಣಿಯವರೆಲ್ಲ ಮೆಟ್ಟಿಲ ಮೇಲೆ ಸೇರಿದ್ದರು, ನೋಡಿ ಹೋಗಲೆಂದು. ಗಂಡ ಸತ್ತ ವರ್ಷ ಹೆಂಗಸೊಬ್ಬಳು ಪೂಜೆಗೆ ನಿಂತದ್ದೇ ಒಂದು ಸುದ್ದಿ. ಅವರು ಹಿಡಿಗಳನ್ನು ಬಾಳೆ ಎಲೆಯ ಮೇಲೆ ಸಾಲಾಗಿ ಇಟ್ಟು, ಒಂದೊಂದಕ್ಕೂ ಅರಿಶಿನ ಕುಂಕುಮ ಇಟ್ಟು, ಹೂವು ಏರಿಸಿ, ಬೂದುಗುಂಬಳ ಒಡೆದರು. ಮೇಲಿನ ಮೆಟ್ಟಿಲಿನಿಂದ ಯಾರೋ ಒಬ್ಬಾಕೆ ಗಟ್ಟಿಯಾಗಿ ಕೇಳಿದಳು:

"ಕಬ್ಣಾನೇ ಇಲ್ವಲ್ಲೇ, ಯಾತಕ್ಕೆ ಪೂಜೆ ಮಾಡ್ತಿದ್ದೀಯೇ?"

"ಬರೋ ಕಬ್ಣಕ್ಕೆ" ಎಂದರು, ತಿರುಗಿ ನೋಡದೆ. "ಮಂಡಕ್ಕಿ ತಗಂಡ್ ಹೋಗು, ಮಕ್ಳಿಗೆ."

ಹೊನ್ನವಳ್ಳಿ ರಸ್ತೆಯ ಕಮ್ಮಾರರಿಗೆ ಅವರು ಹಿಂದಿನ ವಾರವೇ ಹೇಳಿ ಬಂದಿದ್ದರಂತೆ. ಹಿರಿಯರು ಬರುವುದಕ್ಕೂ ಮೊದಲೇ. ಲಾರಿಯ ಹಳೆಯ ಕಮಾನು ಪಟ್ಟಿಯಿಂದ ಉಳಿಗಳು ತಯಾರಾಗುತ್ತಿದ್ದವು. ನನಗೆ ಇದು ಗೊತ್ತಾದದ್ದು ವಿಜಯದಶಮಿಯ ಮಾರನೆಯ ದಿನ, ಕಮ್ಮಾರರು ಬಟ್ಟೆಯಲ್ಲಿ ಸುತ್ತಿದ ಮೂರು ಉಳಿಗಳನ್ನು ಹಿಡಿದು ಓಣಿಗೆ ಬಂದಾಗ. "ಮೊದ್ಲು ಮೂರು, ಉಳಿದದ್ದು ತಿಂಗ್ಳೊಪ್ಪತ್ನಾಗೆ" ಎಂದು ಹೇಳುತ್ತ ಅವರು ತಲೆ ತಗ್ಗಿಸಿ ಇಳಿದರು. ಆಗ ಬೆಳಗ್ಗೆ ಎಂಟು ಗಂಟೆ. ತುರಿಮಣೆ ಬೇಕೆಂದು ನೊಣವಿನಕೆರೆಯ ಹೆಂಗಸೊಬ್ಬರು ಕಂಕುಳಲ್ಲಿ ಚೀಲ ಇಟ್ಟುಕೊಂಡು ಆಗಲೇ ಮೆಟ್ಟಿಲ ಬಳಿ ಕಾದಿದ್ದರು.

ನಾನು ಕೆಳಗೆ ಹೋಗಲಿಲ್ಲ. ಪೇಟೆಯ ದಿನ, ಧಾರಣೆ ಬರೆಯಬೇಕಿತ್ತು. ಕಿಂಡಿಯ ಪಕ್ಕ ಹಾದು ಹೋಗುವಾಗ ಒಳಗಿನಿಂದ ಕೊಡತಿಯ ಪೆಟ್ಟು ಕೇಳಿತು. ಒಂದು, ಹಿಡಿಗೆ ಉಕ್ಕು ಕೂರಿಸಿದ್ದು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು, ಮರದ ಮೇಲೆ. ಆಮೇಲೆ ಪೆಟ್ಟು ನಿಲ್ಲಲಿಲ್ಲ.